ತರುಣ ವೈದ್ಯರಿಗೆ ಕಿರುನೆರವು, ಊರಿನ ಮಕ್ಕಳಿಗೆ ಆರೋಗ್ಯ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಸಂಸ್ಥೆಯೊಂದು ತನ್ನ ಮಹೋತ್ಸವವನ್ನು ಆಚರಿಸುವಾಗ ಕಟ್ಟಡಗಳ ಎತ್ತರವನ್ನೂ ಕಾಣಿಕೆಯ ಮೊತ್ತವನ್ನೂ ಎಣಿಸುವುದು ಲೋಕರೂಢಿ. ಶರಣಪರಂಪರೆಯ ಮಠಕ್ಕೆ ಒಪ್ಪತಕ್ಕ ಲೆಕ್ಕವಾದರೋ ಬೇರೆಯಾದುದು. ಹಸಿದು ಬಂದವರೆಷ್ಟು ಮಂದಿ ಉಂಡರು, ದಿಕ್ಕಿಲ್ಲದ ಮಕ್ಕಳೆಷ್ಟು ಮಂದಿ ಅಕ್ಷರ ಕಲಿತರು, ಕಲಿತವರೆಷ್ಟು ಮಂದಿ ತಮ್ಮಂತಹ ಇತರರ ಕೈ ಹಿಡಿದರು ಎಂಬುದೇ ಆ ಲೆಕ್ಕ. ಅನ್ನದಾಸೋಹ, ಜ್ಞಾನದಾಸೋಹ ಎಂಬ ಎರಡು ಮಾತುಗಳು ಕನ್ನಡನಾಡಿನ ಮನೆಮನೆಗೂ ಪರಿಚಿತವಾಗಿವೆ. ಇವೆರಡರ ಪಕ್ಕದಲ್ಲಿ ನಿಲ್ಲತಕ್ಕ ಮೂರನೆಯದೊಂದುಂಟು, ಅದು ಆರೋಗ್ಯದಾಸೋಹ. ಉಂಡ ಅನ್ನ ಮೈಗೆ ಹತ್ತಬೇಕಾದರೂ, ಕಲಿತ ವಿದ್ಯೆ ತಲೆಯಲ್ಲಿ ನಿಲ್ಲಬೇಕಾದರೂ ಎಳೆತನದ ಆರೋಗ್ಯವೇ ಆಧಾರವಷ್ಟೆ. ಆ ದಾಸೋಹದ ಒಂದು ಚಿಕ್ಕ ಕವಲು ಇಂದಿನ ವಿಷಯವಾಗಿದೆ: ವೈದ್ಯವಿದ್ಯೆಯನ್ನು ಇನ್ನೂ ಕಲಿಯುತ್ತಿರುವ ತರುಣ ತರುಣಿಯರು ಊರಿನ ಮಕ್ಕಳ ಆರೋಗ್ಯಕ್ಕಾಗಿ ಕೈಗೊಳ್ಳುವ ಸಣ್ಣ ಕಾರ್ಯಗಳಿಗೆ ಸಣ್ಣ ಧನಸಹಾಯವನ್ನು ಕೊಡುವ ಕ್ರಮ.

ಮೊದಲು ಯಾರನ್ನು ಕುರಿತು ಈ ಮಾತೆಂಬುದನ್ನು ಸ್ಪಷ್ಟಪಡಿಸುವುದು ಯುಕ್ತ. ವೈದ್ಯ ಕಾಲೇಜಿನಲ್ಲಿ ಕಲಿಯುವವರಲ್ಲಿ ಮೂರು ಬಗೆಯವರುಂಟು. ಎಂ.ಬಿ.ಬಿ.ಎಸ್. ತರಗತಿಗಳಲ್ಲಿರುವ ವಿದ್ಯಾರ್ಥಿಗಳು ಮೊದಲನೆಯವರು. ಪರೀಕ್ಷೆಗಳೆಲ್ಲ ಮುಗಿದು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯುವ ಹೌಸ್ ಸರ್ಜನರು ಎರಡನೆಯವರು. ಮಕ್ಕಳ ವೈದ್ಯಶಾಸ್ತ್ರವನ್ನೋ ಸಮುದಾಯ ವೈದ್ಯಶಾಸ್ತ್ರವನ್ನೋ ಆರಿಸಿಕೊಂಡು ಮೂರು ವರ್ಷ ಉನ್ನತ ವ್ಯಾಸಂಗ ಮಾಡುವ ರೆಸಿಡೆಂಟರು ಮೂರನೆಯವರು. ರಾತ್ರಿಯೆಲ್ಲ ಎಚ್ಚರವಿದ್ದು ವಾರ್ಡಿನ ಮಕ್ಕಳನ್ನು ನೋಡಿಕೊಳ್ಳುವವರು ಈ ಕಡೆಯವರೇ. ಒಮ್ಮೆ ವಾಸಿಯಾಗಿ ಮನೆಗೆ ಹೋದ ಮಗು ತಿಂಗಳೊಪ್ಪತ್ತಿನಲ್ಲಿ ಅದೇ ರೋಗದಿಂದ ಮರಳಿ ಬರುವುದನ್ನು ಎಲ್ಲರಿಗಿಂತ ಮೊದಲು ಕಾಣುವವರೂ ಅವರೇ. ಆ ಮಗು ಏಕೆ ಮರಳಿ ಬಂತೆಂಬ ಪ್ರಶ್ನೆಗೆ ಉತ್ತರವು ವಾರ್ಡಿನಲ್ಲಿ ದೊರೆಯುವುದಿಲ್ಲ. ಅದು ಮಗುವಿನ ಮನೆಯ ಒಲೆಯ ಬಳಿ, ಬಾವಿಯ ಬಳಿ, ತಾಯಿ ಕೆಲಸಕ್ಕೆ ಹೋಗುವ ಹಾದಿಯಲ್ಲಿ ಇರುತ್ತದೆ. ಅಲ್ಲಿಗೆ ಹೋಗಿ ನೋಡಲು ಮನಸ್ಸುಳ್ಳ ತರುಣ ವೈದ್ಯರಿಗೆ ಬಸ್ಸಿನ ಖರ್ಚಿಗೂ ಒಂದು ತೂಕದ ಯಂತ್ರಕ್ಕೂ ಹಣವಿಲ್ಲದೆ ಆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದಾದರೆ ನಷ್ಟವು ಮಗುವಿನದು.

ಉಡುಪಿ ಜಿಲ್ಲೆಯನ್ನು ಈ ವಿಷಯಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾದ ಈ ಜಿಲ್ಲೆಯು ಪಡುವಲ ಕಡಲಿಗೂ ಮೂಡಲ ಘಟ್ಟಕ್ಕೂ ನಡುವೆ ಹಬ್ಬಿದ ಕಿರಿದಾದ ನಾಡು. ಒಂದು ಕಾಲದಲ್ಲಿ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಕರಾವಳಿಗೂ ಘಟ್ಟದ ಮೇಲಿನ ಮಠಗಳಿಗೂ ಹಳೆಯ ನಂಟುಂಟು. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 11,77,361. ಅಕ್ಷರಸ್ಥರು ನೂರಕ್ಕೆ 86ಕ್ಕೂ ಮೇಲ್ಪಟ್ಟವರು. 1432ರಲ್ಲಿ ನಿಂತ ಗೊಮ್ಮಟನ ಊರಾದ ಕಾರ್ಕಳವು ಘಟ್ಟದ ಬುಡದಲ್ಲಿದೆ. ದೀಪಸ್ತಂಭದ ಊರಾದ ಕಾಪು ಕಡಲ ದಡದಲ್ಲಿದೆ. ಇವುಗಳ ನಡುವೆ ಉಡುಪಿಯೂ, ಅದರ ಪಕ್ಕದ ಗುಡ್ಡದ ಮೇಲೆ ಮಣಿಪಾಲವೂ ಇವೆ.

ಸಣ್ಣ ಹಣದ ಶಕ್ತಿಯನ್ನು ಈ ನಾಡಿಗೆ ಹೊಸದಾಗಿ ಬೋಧಿಸಬೇಕಾಗಿಲ್ಲ. 1925ರಲ್ಲಿ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ ಉಪೇಂದ್ರ ಅನಂತ ಪೈಗಳು, ಅವರ ತಮ್ಮಂದಿರಾದ ವೈದ್ಯ ಟಿ. ಎಂ. ಎ. ಪೈಗಳು, ವಾಮನ ಶ್ರೀನಿವಾಸ ಕುಡ್ವರು ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಕ್ರಮವನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನು ಅಂಗಡಿಯವರಿಂದಲೂ ಕೂಲಿಯವರಿಂದಲೂ ಅವರವರ ಬಾಗಿಲಿಗೇ ಹೋಗಿ ಕೂಡಿಸಿದ ಆ ಪದ್ಧತಿಯು ಬಡವನ ಉಳಿತಾಯವನ್ನೂ ಬ್ಯಾಂಕಿನ ಬಲವನ್ನೂ ಒಟ್ಟಿಗೆ ಬೆಳೆಸಿತು. 1942ರಲ್ಲಿ ಶಿಕ್ಷಣಕ್ಕಾಗಿ ಅಕಾಡೆಮಿಯೊಂದನ್ನು ಸ್ಥಾಪಿಸಿದ ಟಿ. ಎಂ. ಎ. ಪೈಗಳೇ 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ವೈದ್ಯ ಕಾಲೇಜನ್ನು ತೆರೆದರು. ಇನ್ನೊಂದು ಕಡೆ, 1906ರಲ್ಲಿ ಉಡುಪಿಯ ಮತ್ತೊಂದು ಬ್ಯಾಂಕಿಗೆ ಅಡಿಗಲ್ಲಿಟ್ಟ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರು ಇಂದಿಗೂ ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯೊಡನೆ ಬೆರೆತು ನಿಂತಿದೆ. ಹೀಗೆ ಧನವು ಊರಿನಿಂದ ಬಂದು, ಊರಿನ ತಾಯಿ ಮಕ್ಕಳ ಸೇವೆಗೇ ಮರಳುವ ಸಂಪ್ರದಾಯವು ಇಲ್ಲಿ ಜಾತಿಮತಗಳ ಗಡಿಯನ್ನು ಮೀರಿ ಬೆಳೆದುಬಂದಿದೆ.

ಮಣಿಪಾಲದ ಕಾಲೇಜು ಗುಡ್ಡದ ಮೇಲೆಯೇ ಕುಳಿತಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅದರ ಸಮುದಾಯ ವೈದ್ಯಶಾಸ್ತ್ರ ವಿಭಾಗದವರು ಕರಾವಳಿಯ ಹಳ್ಳಿಗಳಲ್ಲಿ ಗ್ರಾಮೀಣ ತಾಯಿ-ಶಿಶು ಕಲ್ಯಾಣ ಕೇಂದ್ರಗಳನ್ನು ನಡೆಸುತ್ತ ಬಂದಿರುವರು. ದಾದಿಯರು ಅಲ್ಲಿ ಗರ್ಭಿಣಿಯರನ್ನು ನೋಡುವರು. ಮಕ್ಕಳಿಗೆ ಲಸಿಕೆ ಹಾಕುವರು. ಮನೆಮನೆಗೆ ಹೋಗಿ ವಿಚಾರಿಸುವರು. ದೇಶದ ನಾನಾ ಮೂಲೆಗಳಿಂದ ಬಂದ ವಿದ್ಯಾರ್ಥಿಯು ತುಳುವಿನಲ್ಲಿ ಮಗುವಿಗೆ ‘ಬಾಲೆ’ ಎನ್ನುವರೆಂದೂ ತಾಯಿಗೆ ‘ಅಪ್ಪೆ’ ಎನ್ನುವರೆಂದೂ ಮೊದಲ ಸಲ ತಿಳಿಯುವುದು ಇಂತಹ ಜಗಲಿಗಳ ಮೇಲೆಯೇ. ಪುಸ್ತಕದಲ್ಲಿ ಓದಿದ ರೋಗವು ಒಂದು ಮನೆಯ ಹೆಸರನ್ನೂ ಒಂದು ಮುಖವನ್ನೂ ಪಡೆಯುವ ಸ್ಥಳವೂ ಅದೇ.

ಇಷ್ಟೆಲ್ಲ ಇರುವ ನಾಡಿನಲ್ಲಿ ಮಕ್ಕಳಿಗೆ ಇನ್ನೇನು ಕೊರತೆಯೆಂದು ಕೆಲವರು ಕೇಳಬಹುದು. ಕರ್ನಾಟಕದಲ್ಲಿ 2020ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 19 ಶಿಶುಗಳು ವರ್ಷ ತುಂಬುವ ಮುನ್ನ ತೀರಿಕೊಂಡವು. ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆಯೇ ಸರಿ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರಕ್ಕೆ 32.9 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಆರು ತಿಂಗಳು ಮೀರಿದ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ರಕ್ತಹೀನತೆಯಿದೆ. ಸಾವಿನಿಂದ ಉಳಿಸಿಕೊಂಡ ಮಗುವನ್ನು ಚೆನ್ನಾಗಿ ಬೆಳೆಸುವ ಕೆಲಸವು ಇನ್ನೂ ಬಾಕಿಯಿದೆಯೆಂದು ಇದರ ಅರ್ಥ. ಇಡೀ ರಾಜ್ಯಕ್ಕಿಂತ ಕರಾವಳಿಯ ಜಿಲ್ಲೆಗಳು ಮೇಲೆಂಬ ಮಾತಿದೆ. ಅಲ್ಲಿಯೇ ಒಂದು ಅಪಾಯವೂ ಅಡಗಿದೆ. ಸರಾಸರಿಯು ಚೆನ್ನಾಗಿರುವ ಊರಿನಲ್ಲಿ ಸರಾಸರಿಯ ಹೊರಗುಳಿದ ಮಗುವು ಯಾರ ಕಣ್ಣಿಗೂ ಬೀಳುವುದಿಲ್ಲ. ಮಲ್ಪೆಯ ಬಂದರಿನಲ್ಲಿ ದುಡಿಯಲು ಹೊರನಾಡಿನಿಂದ ಬಂದವರ ಮಗು, ಕಾಡಂಚಿನ ಕೊರಗರ ಕೇರಿಯ ಮಗು, ಕಟ್ಟಡದ ಕೆಲಸದವರ ತಗಡಿನ ಶೆಡ್ಡಿನಲ್ಲಿ ಮಲಗಿರುವ ಮಗು, ಇವು ಜಿಲ್ಲೆಯ ಒಟ್ಟು ಲೆಕ್ಕದೊಳಗೆ ಕರಗಿಹೋಗುತ್ತವೆ. ದೊಡ್ಡ ಯೋಜನೆಗಳ ಜಾಲದ ಕಣ್ಣುಗಳಿಂದ ನುಸುಳಿಹೋದ ಇಂತಹ ಮಕ್ಕಳನ್ನು ಹುಡುಕುವುದಕ್ಕೆ ಸಣ್ಣ ಕಾರ್ಯವೇ ಯೋಗ್ಯವಾದುದು.

ವೈದ್ಯ ವಿದ್ಯಾರ್ಥಿಯನ್ನು ಹಳ್ಳಿಗೆ ಕಳುಹಿಸಬೇಕೆಂಬ ವಿಚಾರವು ಇಂದು ನೆನ್ನೆಯದಲ್ಲ. 1946ರಲ್ಲಿ ಭೋರ್ ಸಮಿತಿಯು ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಗೂ ರೋಗನಿವಾರಕ ಹಾಗೂ ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ಶಿಕ್ಷಣವಿರಬೇಕೆಂದು ಶಿಫಾರಸು ಮಾಡಿತು. ಇತ್ತೀಚೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮೂರರಿಂದ ಐದು ಕುಟುಂಬಗಳನ್ನು ದತ್ತು ಪಡೆದಂತೆ ಅವುಗಳ ಆರೋಗ್ಯವನ್ನು ಗಮನಿಸಬೇಕೆಂಬ ನಿಯಮವನ್ನು ತಂದಿತು. 2020ರ ನಿಯಮದಂತೆ ಉನ್ನತ ವ್ಯಾಸಂಗದ ರೆಸಿಡೆಂಟರು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡತಕ್ಕದ್ದು. ಹೀಗೆ ಕಾಲುಗಳಿಗೆ ಹಳ್ಳಿಯ ದಾರಿಯನ್ನು ತೋರಿಸಲಾಯಿತು. ಕೈಗೆ ಮಾತ್ರ ಏನನ್ನೂ ಕೊಡಲಿಲ್ಲ. ನಿಯಮವು ವಿದ್ಯಾರ್ಥಿಯನ್ನು ಮನೆಯ ಬಾಗಿಲವರೆಗೆ ಒಯ್ಯಬಲ್ಲುದು. ಆ ಮನೆಯಲ್ಲಿ ಕಂಡ ಕೊರತೆಯನ್ನು ನೀಗಿಸುವ ಕೆಲಸಕ್ಕೆ ಬೇಕಾದ ಕೆಲವು ಸಾವಿರ ರೂಪಾಯಿಗಳನ್ನು ಅದು ಒದಗಿಸದು.

ಇದಕ್ಕೆ ಸಮೀಪವಾದ ಏರ್ಪಾಡೊಂದು ದೇಶದಲ್ಲಿ ಬಹುಕಾಲದಿಂದ ಉಂಟು. 1911ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ, 1949ರಲ್ಲಿ ಈಗಿನ ಹೆಸರನ್ನು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಿಂದ ವಿದ್ಯಾರ್ಥಿಗಳಿಗೆ ಅಲ್ಪಾವಧಿಯ ವಿದ್ಯಾರ್ಥಿವೇತನವನ್ನು ಕೊಡುತ್ತ ಬಂದಿದೆ. ವಿದ್ಯಾರ್ಥಿಯು ತನ್ನ ಕಾಲೇಜಿನ ಗುರುವೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ಒಂದು ಪ್ರಶ್ನೆಯನ್ನು ಶೋಧಿಸಿ ವರದಿಯನ್ನು ಒಪ್ಪಿಸತಕ್ಕದ್ದು. ವರದಿಯು ಅಂಗೀಕಾರವಾದ ಮೇಲೆ ಹಣ ಬರುವುದು. ಸಾವಿರಾರು ಎಳೆಯರಿಗೆ ಶೋಧನೆಯ ರುಚಿಯನ್ನು ಹತ್ತಿಸಿದ ಉಪಕಾರವು ಇದರದು. ಆದರೆ ಅದರ ಗುರಿ ಶೋಧನೆ. ಮಗುವಿನ ತೂಕ ಕಡಿಮೆಯೆಂದು ಕಂಡುಹಿಡಿಯುವಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಆ ತೂಕವನ್ನು ಹೆಚ್ಚಿಸುವುದು ಅದರ ಕರ್ತವ್ಯವಲ್ಲ. ಅಮೆರಿಕದಲ್ಲಿ 1930ರಲ್ಲಿ ಹುಟ್ಟಿದ ಮಕ್ಕಳ ವೈದ್ಯರ ಅಕಾಡೆಮಿಯು ಈ ಎರಡನೆಯ ಕರ್ತವ್ಯಕ್ಕಾಗಿಯೇ ಬೇರೊಂದು ಕ್ರಮವನ್ನು ಮಾಡಿಕೊಂಡಿತು. ತರಬೇತಿಯಲ್ಲಿರುವ ಮಕ್ಕಳ ವೈದ್ಯನು ತನ್ನ ಸುತ್ತಲಿನ ಸಮುದಾಯದವರೊಡನೆ ಕೂಡಿ, ಆರೈಕೆ ಮುಟ್ಟದ ಮಕ್ಕಳಿಗೆ ಅದನ್ನು ಮುಟ್ಟಿಸುವ ಉಪಾಯವೊಂದನ್ನು ರೂಪಿಸಿದರೆ ಅದಕ್ಕೊಂದು ಕಿರುಮೊತ್ತ. ಅಲ್ಲಿ ಹಿಡಿತಕ್ಕ ತತ್ತ್ವವೆಂದರೆ, ಉಪಾಯವು ಊರಿನವರೊಡನೆ ಕೂಡಿಯೇ ಹುಟ್ಟಬೇಕೆಂಬುದು.

ಸಣ್ಣದರಿಂದ ಆಗುವುದೇನೆಂದು ತಾತ್ಸಾರ ಮಾಡುವವರು ಎರಡು ಸಂಗತಿಗಳನ್ನು ನೆನೆಯಬೇಕು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದಾಗ ಅವರಿಗಿದ್ದುದು ಪಾಶ್ಚರ್ ಸಂಸ್ಥೆಯೊಳಗಿನ ಒಂದೇ ಒಂದು ಕೋಣೆ. ಆ ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸಾಗಿ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ದೇಶಕ್ಕೆ ಕೊಟ್ಟುದು ಆ ಸಂಸ್ಥೆಯೇ. ಎರಡನೆಯದು 1971ರ ಸಂಗತಿ. ಪೂರ್ವಬಂಗಾಳದ ನಿರಾಶ್ರಿತರ ನಡುವೆ ವಾಂತಿಭೇದಿ ಹಬ್ಬಿ, ಸೂಜಿಯ ಮೂಲಕ ಕೊಡುವ ದ್ರಾವಣವು ಮುಗಿಯುತ್ತ ಬಂದಾಗ ಮಕ್ಕಳ ವೈದ್ಯರಾದ ದಿಲೀಪ್ ಮಹಾಲನಾಬಿಸರು ಉಪ್ಪು, ಅಡುಗೆ ಸೋಡ, ಗ್ಲೂಕೋಸುಗಳನ್ನು ಲೆಕ್ಕವಿಟ್ಟು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಕುಡಿಸಲು ರೋಗಿಗಳ ಮನೆಯವರಿಗೇ ಕಲಿಸಿದರು. ಸಾಯುವವರ ಸಂಖ್ಯೆಯು ಬಹುವಾಗಿ ಇಳಿಯಿತು. ಔಷಧದ ಬೆಲೆ ಕೆಲವೇ ಕಾಸು. ಅದನ್ನು ತಾಯಿಯ ಕೈಗೆ ಒಪ್ಪಿಸಬಹುದೆಂಬ ನಂಬಿಕೆಯೇ ಬೆಲೆಯುಳ್ಳುದು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯ ಬೆಳಗಾವಿಯ ವೈದ್ಯ ಕಾಲೇಜಿನವರು ಹಳ್ಳಿಯ ದಾದಿಯರ ಕೈಯಿಂದ ಒಂದು ಮಾತ್ರೆಯನ್ನು ಕೊಡಿಸಿ ಬಾಣಂತಿಯರ ರಕ್ತಸ್ರಾವವನ್ನು ತಗ್ಗಿಸಬಹುದೆಂದು 2006ರಲ್ಲಿ ಲೋಕಕ್ಕೆ ತೋರಿಸಿದುದೂ ಇದೇ ನಂಬಿಕೆಯಿಂದ. ಆ ಕಾರ್ಯಕ್ಕೆ ದೊಡ್ಡ ಧನ ಬೇಕಾಯಿತೆಂಬುದು ನಿಜ. ಆದರೂ ಹಳ್ಳಿಯ ಹೆಂಗಸರ ವಿಶ್ವಾಸವು ಅದಕ್ಕೆ ಮೊದಲೇ ಬೇಕಾಗಿತ್ತು.

ಈಗ ಉಡುಪಿಯ ಕಡೆಗೆ ಮರಳಿ, ಕಿರುನೆರವಿನಿಂದ ಅಲ್ಲಿ ಏನೇನು ಮಾಡಬಹುದೆಂಬುದನ್ನು ಮೂರು ದೃಷ್ಟಾಂತಗಳಿಂದ ವಿಚಾರಿಸಬಹುದು. ಇವು ನಡೆದ ಕಥೆಗಳಲ್ಲ, ನಡೆಯಬಹುದಾದ ಕಾರ್ಯಗಳು.

ಮೊದಲನೆಯದು ಕಾಪುವಿನದು. ಕರಾವಳಿಯಲ್ಲಿ ಮನೆಗೊಂದು ಬಾವಿಯಿರುವುದು ಸಾಮಾನ್ಯ. ಕೆಲವಕ್ಕೆ ಎತ್ತರವಾದ ಕಟ್ಟೆಯಿಲ್ಲ, ಮೇಲೆ ಜಾಲರಿಯಿಲ್ಲ. ಮಳೆಗಾಲದಲ್ಲಿ ಹೊಂಡ ತೋಡುಗಳೂ ತುಂಬಿ ನಿಲ್ಲುತ್ತವೆ. ನೀರಿನಲ್ಲಿ ಮುಳುಗಿ ಸಾಯುವ ಭಯವು ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೇ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2014ರ ವರದಿಯಲ್ಲಿ ಹೇಳಿತು. ನೀರಿಗೆ ಅಡ್ಡವಾಗಿ ತಡೆಯನ್ನು ಕಟ್ಟುವುದು, ಎಳೆಯ ಮಕ್ಕಳನ್ನು ಹಗಲು ಹೊತ್ತು ಒಬ್ಬರ ಕಣ್ಣಳತೆಯಲ್ಲಿ ಇರಿಸುವುದು, ಶಾಲೆಯ ಮಕ್ಕಳಿಗೆ ಈಜು ಕಲಿಸುವುದು ಇವೇ ಪರಿಹಾರಗಳೆಂದೂ ಸೂಚಿಸಿತು. ತಾಯಿಯು ನಸುಕಿನಲ್ಲಿ ಎದ್ದು ಮೀನಿನ ಬುಟ್ಟಿ ಹೊತ್ತು ಮಾರಾಟಕ್ಕೆ ಹೋದ ಮನೆಯಲ್ಲಿ ಮಗುವನ್ನು ನೋಡುವವಳು ಅಜ್ಜಿಯೋ, ತಾನೇ ಇನ್ನೂ ಮಗುವಾಗಿರುವ ಅಕ್ಕನೋ. ಒಬ್ಬ ತರುಣ ವೈದ್ಯೆಯು ಅಂಗನವಾಡಿ ಕಾರ್ಯಕರ್ತೆಯೊಡನೆ ಒಂದು ಕೇರಿಯ ಬಾವಿಗಳನ್ನೆಲ್ಲ ನೋಡಿ ಪಟ್ಟಿ ಮಾಡಿ, ಅಪಾಯವಾದವುಗಳಿಗೆ ಊರಿನ ಕಮ್ಮಾರನಿಂದಲೇ ಜಾಲರಿ ಮಾಡಿಸಿ ಹಾಕಿಸಿದರೆ ಖರ್ಚಾಗುವುದು ಕೆಲವು ಸಾವಿರ. ಯಾವ ಮಗುವಿನ ಜೀವ ಉಳಿಯಿತೆಂದು ಯಾರೂ ಹೆಸರಿಟ್ಟು ಹೇಳಲಾರರು. ಉಪಕಾರ ಹೊಂದಿದವರಿಗೂ ಉಪಕಾರವಾದದ್ದು ತಿಳಿಯದಂತಹ ಸೇವೆ ಅದು.

ಎರಡನೆಯದು ಕಾರ್ಕಳದ ಕಡೆಯದು. ಅಲ್ಲಿ ಅನೇಕ ಮನೆಗಳ ಹೆಂಗಸರು ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟಿ ಸಂಸಾರ ನಡೆಸುವರು. ಕೆಲವರು ಗೇರುಬೀಜದ ಕಾರ್ಖಾನೆಗಳಿಗೆ ಹೋಗುವರು. ತೊಡೆಯ ಮೇಲೆ ಹೊಗೆಸೊಪ್ಪಿನ ಗೆರಸೆ, ಪಕ್ಕದಲ್ಲಿ ತೊಟ್ಟಿಲು. ಕೈ ಬಿಡುವಾಗದೆ ಮೊಲೆಯೂಡುವುದು ತಪ್ಪುತ್ತದೆ. ಆರು ತಿಂಗಳ ಮೇಲೆ ಕೊಡತಕ್ಕ ಮೆದು ಆಹಾರವು ತೆಳುವಾದ ಗಂಜಿಯಲ್ಲಿಯೇ ಮುಗಿಯುತ್ತದೆ. ಇಂತಹ ತಾಯಿಗೆ ಹೊಗೆಸೊಪ್ಪು ಕೆಟ್ಟದ್ದೆಂದು ಉಪದೇಶಿಸುವುದು ಸುಲಭ. ಅವಳ ಅನ್ನಕ್ಕೆ ಬೇರೆ ದಾರಿ ತೋರಿಸದೆ ಆ ಉಪದೇಶಕ್ಕೆ ಅರ್ಥವಿಲ್ಲ. ಬೀಡಿಯ ಸಾಮಾನನ್ನು ತೊಟ್ಟಿಲಿನಿಂದ ದೂರವಿಡುವ ಏರ್ಪಾಡು, ಕೈತೊಳೆದು ಮಗುವನ್ನೆತ್ತುವ ಅಭ್ಯಾಸ, ಕುಚ್ಚಲಕ್ಕಿಯ ಗಟ್ಟಿ ಗಂಜಿಗೆ ಹೆಸರುಬೇಳೆಯನ್ನೂ ಹಿತ್ತಿಲಿನ ನುಗ್ಗೆಸೊಪ್ಪನ್ನೂ ಒಂದು ಚಮಚ ತೆಂಗಿನೆಣ್ಣೆಯನ್ನೂ ಕೂಡಿಸುವ ಕ್ರಮ, ಇವನ್ನು ಆ ತಾಯಂದಿರೇ ಕೂಡಿ ಯೋಚಿಸಿ, ಅವರಲ್ಲೊಬ್ಬಳು ತುಳುವಿನಲ್ಲಿ ಉಳಿದವರಿಗೆ ಹೇಳಿಕೊಟ್ಟರೆ ನೂರು ಪ್ರಕಟನ ಪತ್ರಗಳಿಗಿಂತ ಅದು ಮಿಗಿಲು. ಒಂದು ತೂಕದ ಯಂತ್ರ, ಮಗುವಿನ ತೋಳಿನ ಸುತ್ತಳತೆಯನ್ನು ನೋಡುವ ಕೆಲವು ಪಟ್ಟಿಗಳು, ತಿಂಗಳಿಗೊಮ್ಮೆ ಕೂಡಲು ಒಂದು ಜಗಲಿ ಇಷ್ಟೇ ಬೇಕಾದುದು. ಆ ಪಟ್ಟಿಯಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಗುವು ತೀವ್ರವಾದ ಅಪೌಷ್ಟಿಕತೆಯಲ್ಲಿದೆಯೆಂದು ಓದುಬರಹ ಬಲ್ಲ ಯಾವ ತಾಯಿಯೂ ತಾನೇ ತಿಳಿಯಬಲ್ಲಳು.

ಮೂರನೆಯದು ಮಣಿಪಾಲದ ಕಾಲ ಬುಡದಲ್ಲಿಯೇ ಇದೆ. ಅಲ್ಲಿಯ ಎತ್ತರವಾದ ಕಟ್ಟಡಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಕೂಲಿಯವರು ಬರುವರು. ಹುಟ್ಟಿದಾಗ ಒಂದು ಊರಿನಲ್ಲಿ ಕ್ಷಯರೋಗದ ಲಸಿಕೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬರತಕ್ಕ ಚುಚ್ಚುಮದ್ದಿನ ಕಾಲಕ್ಕೆ ಇನ್ನೊಂದು ಊರು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಹೊತ್ತಿಗೆ ಮತ್ತೊಂದು ಊರು. ತಾಯಿ ಕಾರ್ಡು ಮಳೆಯಲ್ಲಿ ನೆನೆದು ಹಾಳಾಗಿರುತ್ತದೆ. ಆ ಶೆಡ್ಡುಗಳನ್ನು ವಾರಕ್ಕೊಮ್ಮೆ ಸುತ್ತಿ, ಮಕ್ಕಳ ಪಟ್ಟಿಯನ್ನು ಬರೆದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯೊಡನೆ ಸೇರಿ ತಪ್ಪಿದ ಲಸಿಕೆಗಳನ್ನು ತುಂಬಿಸುವುದಕ್ಕೆ ಸರಕಾರದ ಲಸಿಕೆಯಿದೆ, ದಾದಿಯಿದ್ದಾಳೆ. ಅವಳಿಗೂ ಮಗುವಿಗೂ ನಡುವೆ ನಿಂತಿರುವುದು ಅರಿಯದಿರುವಿಕೆ ಮಾತ್ರ. ಅದನ್ನು ನೀಗಿಸಲು ಬಸ್ಸಿನ ಖರ್ಚೂ, ನೀರು ತಾಗದ ಹೊದಿಕೆಯ ಕಾರ್ಡುಗಳೂ, ಒಬ್ಬ ಕಲಿಯುವ ವೈದ್ಯನ ಕೆಲವು ಭಾನುವಾರಗಳೂ ಸಾಕು.

ಇಷ್ಟನ್ನು ಹೇಳಿದ ಮೇಲೆ ಈ ಕ್ರಮದಲ್ಲಿರುವ ದೊಡ್ಡ ದೋಷವನ್ನೂ ಮುಚ್ಚಿಡದೆ ಹೇಳಬೇಕು. ಕಲಿಯುವವನು ಊರಿನಲ್ಲಿ ಉಳಿಯುವವನಲ್ಲ. ಪರೀಕ್ಷೆ ಮುಗಿದೊಡನೆ ಅವನು ಹೊರಟುಹೋಗುತ್ತಾನೆ. ಮರುವರ್ಷ ಇನ್ನೊಬ್ಬನು ಬಂದು ಅದೇ ಕೇರಿಯ ಅದೇ ಮಕ್ಕಳನ್ನು ತೂಗುತ್ತಾನೆ, ಅದೇ ಪ್ರಶ್ನೆಗಳನ್ನು ಕೇಳುತ್ತಾನೆ, ಬರೆದುಕೊಂಡು ಹೋಗುತ್ತಾನೆ. ಪ್ರಬಂಧಗಳು ಬೆಳೆಯುತ್ತವೆ, ಮಗು ಬೆಳೆಯುವುದಿಲ್ಲ. ಮೂರನೆಯ ವರ್ಷದ ಹೊತ್ತಿಗೆ ತಾಯಂದಿರು ಬಾಗಿಲು ಹಾಕಿಕೊಂಡರೆ ಅವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ. ತಮ್ಮ ಮಕ್ಕಳು ಅಳತೆಯ ವಸ್ತುಗಳಾದರೆಂದು ಅವರು ತಿಳಿದುಕೊಂಡರು, ಅಷ್ಟೆ. ಹಾಗೆ ಒಮ್ಮೆ ಮುಚ್ಚಿದ ಬಾಗಿಲು, ಮುಂದೆ ನಿಜವಾಗಿಯೂ ಸಹಾಯ ತರುವ ದಾದಿಗೂ ತೆರೆಯದೆ ಹೋಗಬಹುದು. ಕೆಟ್ಟ ಸೇವೆಯಿಂದ ಹಣವೊಂದೇ ವ್ಯರ್ಥವಾಗುವುದಿಲ್ಲ. ಊರಿನ ವಿಶ್ವಾಸವೂ ಕರಗುತ್ತದೆ. ವಿಶ್ವಾಸಕ್ಕೆ ಮರುಪಾವತಿಯಿಲ್ಲ. ಕಿರುನೆರವಿನ ವಿಷಯದಲ್ಲಿ ನಿಜವಾಗಿ ಪಣವಾಗಿರುವುದು ಇದೇ.

ಈ ದೋಷಕ್ಕೆ ಪರಿಹಾರವನ್ನು ಹುಡುಕುವವರಿಗೆ ಶರಣಚರಿತ್ರೆಯೇ ದಾರಿ ತೋರಿಸುತ್ತದೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆಗ ಅವನ ಪತ್ನಿ ಲಕ್ಕಮ್ಮನು ಇಷ್ಟು ಏಕೆ ತಂದಿರೆಂದು ಪ್ರಶ್ನಿಸಿ, ಮಿಕ್ಕುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹೇಳಿದಳೆಂದು ಕಥೆ. ಸಿರಿವಂತಿಕೆಯಿಂದ ಮಾಡುವ ದೊಡ್ಡ ದಾನಕ್ಕಿಂತ ಆ ಹಿಡಿಯಕ್ಕಿಯ ದಾಸೋಹಕ್ಕೆ ಶರಣರು ಹೆಚ್ಚಿನ ಬೆಲೆ ಕಟ್ಟಿದುದು ಅದರ ಹಿಂದಿನ ಕಾಯಕದ ಶುದ್ಧಿಗಾಗಿ. ಬೇಕಾದಷ್ಟೇ ತೆಗೆದುಕೊಳ್ಳುವುದು, ಹೆಚ್ಚಾದುದನ್ನು ಹಿಂದಿರುಗಿಸುವುದು, ತಂದುದನ್ನು ತನಗೆಂದಲ್ಲದೆ ದಾಸೋಹಕ್ಕೆಂದು ಬಳಸುವುದು ಎಂಬ ಮೂರು ನಿಯಮಗಳು ಈ ಕಥೆಯಲ್ಲಿವೆ. ಕಿರುನೆರವಿನ ನಿಧಿಗೆ ಇದಕ್ಕಿಂತ ಉತ್ತಮವಾದ ಕಟ್ಟಳೆಯನ್ನು ಯಾವ ಲೆಕ್ಕಪರಿಶೋಧಕನೂ ಬರೆಯಲಾರನು.

ಈ ಮೂರು ನಿಯಮಗಳನ್ನು ಬಳಕೆಗೆ ತರುವ ಬಗೆಯನ್ನು ಹೀಗೆ ಯೋಚಿಸಬಹುದು. ನೆರವು ಕೇಳುವ ತರುಣ ವೈದ್ಯನು ಅರ್ಜಿ ಬರೆಯುವುದಕ್ಕೆ ಮೊದಲೇ ಊರಿಗೆ ಹೋಗಿ ಬಂದಿರಬೇಕು. ತಾಯಂದಿರೂ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೂ ಯಾವುದನ್ನು ತಮ್ಮ ಮಕ್ಕಳ ಮೊದಲ ಕಷ್ಟವೆನ್ನುವರೋ ಅದೇ ಕಾರ್ಯದ ವಿಷಯವಾಗಬೇಕು. ಒಬ್ಬ ಗುರುವು ಹೊಣೆ ಹೊರಬೇಕು. ಕಾಲೇಜಿನ ನೀತಿ ಸಮಿತಿಯ ಒಪ್ಪಿಗೆಯೂ ತಾಯಿತಂದೆಗಳ ಸಮ್ಮತಿಯೂ ಇರಬೇಕು. ಯಾವ ಮಗುವಿನ ಹೆಸರೂ ಚಿತ್ರವೂ ಹೊರಗೆ ಬರಕೂಡದು; ದಾನಿಯ ಕೀರ್ತಿಗಾಗಿ ಬಡಮಗುವಿನ ಮುಖವನ್ನು ಮೆರೆಸುವುದು ದಾಸೋಹವಲ್ಲ. ತೂಗಿದ ಪ್ರತಿಯೊಂದು ಮಗುವಿನ ತೂಕವನ್ನೂ ಅದರ ತಾಯಿಗೆ ಅವಳ ಭಾಷೆಯಲ್ಲಿ ಅಂದೇ ಹೇಳಬೇಕು. ಕಾಯಿಲೆ ಕಂಡ ಮಗುವನ್ನು ಚಿಕಿತ್ಸೆಗೆ ಮುಟ್ಟಿಸದೆ ಲೆಕ್ಕದಲ್ಲಿ ಬರೆಯಕೂಡದು. ಎಲ್ಲಕ್ಕಿಂತ ಮುಖ್ಯವಾದುದು, ತಾನು ಹೊರಟುಹೋದ ಮರುದಿನ ಈ ಕೆಲಸವನ್ನು ಯಾರು ನಡೆಸುವರೆಂಬ ಪ್ರಶ್ನೆಗೆ ಅರ್ಜಿಯಲ್ಲಿಯೇ ಉತ್ತರವಿರಬೇಕು. ಉತ್ತರವಿಲ್ಲದ ಅರ್ಜಿಯು ಎಷ್ಟು ಪಾಂಡಿತ್ಯದಿಂದ ಕೂಡಿದ್ದರೂ ಅದನ್ನು ಹಿಂದಿರುಗಿಸತಕ್ಕದ್ದು. ಕಾರ್ಯವು ಮುಗಿದ ಮೇಲೆ ವರದಿಯನ್ನು ಮೊದಲು ಊರಿನವರ ಮುಂದೆ ಓದಬೇಕು, ಆಮೇಲೆ ದಾನಿಗಳಿಗೆ ಒಪ್ಪಿಸಬೇಕು. ಸೋತ ಕಾರ್ಯದ ವರದಿಯನ್ನೂ ಗೆದ್ದ ಕಾರ್ಯದಷ್ಟೇ ಗೌರವದಿಂದ ಸ್ವೀಕರಿಸಬೇಕು. ಇಲ್ಲವಾದರೆ ತರುಣರು ಸುಳ್ಳು ಜಯವನ್ನು ಬರೆಯಲು ಕಲಿಯುವರು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮಕ್ಕಳ ಆರೋಗ್ಯವು ಸರಕಾರದ ಕೆಲಸ, ಮಠಮಾನ್ಯಗಳಿಗೆ ಅದೇಕೆಂಬುದು ಒಂದು. ಸರಕಾರವು ಸುಮ್ಮನಿಲ್ಲವೆಂಬುದು ನಿಜ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ ಈ ರಾಜ್ಯವನ್ನು ಪ್ರವೇಶಿಸಿ ಇಂದು ಪ್ರತಿ ಊರಿನ ಅಂಗನವಾಡಿಯಾಗಿದೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯವೂ, ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಬಂದವು. ಇವುಗಳಿಗೆ ಪ್ರತಿಯಾಗಿ ಇನ್ನೊಂದನ್ನು ಕಟ್ಟುವುದು ಕಿರುನೆರವಿನ ಉದ್ದೇಶವಲ್ಲ. ನದಿಯಲ್ಲಿ ನೀರಿದೆ, ಕಡೆಯ ಗದ್ದೆಗೆ ಅದು ಹರಿಯುವ ಕಾಲುವೆಯಲ್ಲಿ ಕಸ ಕಟ್ಟಿದೆ, ಆ ಕಸವನ್ನು ತೆಗೆಯುವುದಷ್ಟೇ ಇದರ ಕೆಲಸ. ಕಲಿಯುವವರ ಕೈಗೆ ಹಣ ಕೊಟ್ಟರೆ ಪೋಲಾಗದೇ ಎಂಬುದು ಎರಡನೆಯ ಆಕ್ಷೇಪ. ಮಧ್ಯರಾತ್ರಿಯಲ್ಲಿ ಉಸಿರು ಕಟ್ಟಿದ ಶಿಶುವನ್ನು ಆ ಕೈಗಳಿಗೇ ಒಪ್ಪಿಸುವ ಸಮಾಜವು ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಒಪ್ಪಿಸಲು ಅಂಜುವುದು ವಿಚಿತ್ರವಾಗಿ ತೋರುತ್ತದೆ. ಲೆಕ್ಕವನ್ನು ಕೇಳತಕ್ಕದ್ದೇ, ನಂಬದಿರುವುದು ಮಾತ್ರ ತಕ್ಕುದಲ್ಲ.

ಲಿಂಗಾಯತ ಮಠಗಳೂ ಸಂಘಸಂಸ್ಥೆಗಳೂ ಕನ್ನಡನಾಡಿಗೆ ದೊಡ್ಡ ವೈದ್ಯ ಕಾಲೇಜುಗಳನ್ನು ಕೊಟ್ಟಿವೆ. 1941ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಮೈಸೂರಿನಲ್ಲಿ ತೆರೆದ ಉಚಿತ ವಿದ್ಯಾರ್ಥಿನಿಲಯದ ಹಿಂದೆ ಇದ್ದ ಸಂಕಲ್ಪವೇ 1954ರ ವಿದ್ಯಾಪೀಠವಾಗಿ, 1984ರಲ್ಲಿ ವೈದ್ಯ ಕಾಲೇಜೂ ಆಯಿತು. ಕೆಲವು ಹುಡುಗರ ಊಟ ವಸತಿಯಿಂದ ಮೊದಲಾದುದು ಸಾವಿರಾರು ರೋಗಿಗಳ ಆಸ್ಪತ್ರೆಯವರೆಗೆ ಬೆಳೆದುದನ್ನು ಕಂಡ ನಾಡಿಗೆ ಸಣ್ಣ ಆರಂಭದಲ್ಲಿ ಅಪನಂಬಿಕೆ ಇರಬೇಕಾಗಿಲ್ಲ. ಇನ್ನು ಮುಂದಿನ ಹೆಜ್ಜೆಗೆ ಹೊಸ ಕಟ್ಟಡ ಬೇಡ. ಮಹೋತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು ಬೇರೆಯಾಗಿ ಇರಿಸಿ, ಅದರ ಬಡ್ಡಿಯಿಂದ ವರ್ಷಕ್ಕೆ ನಾಲ್ಕೈದು ತರುಣ ವೈದ್ಯರಿಗೆ, ಅವರು ಯಾವ ಕುಲದವರಾದರೂ ಯಾವ ಕಾಲೇಜಿನವರಾದರೂ, ಯಾವ ಮತದ ಮಗುವಿಗಾಗಿ ದುಡಿದರೂ, ನೆರವನ್ನು ಕೊಡುವ ನಿಧಿಯೊಂದು ಸಾಕು. ವರ್ಷಕ್ಕೊಮ್ಮೆ ಬಸವ ಜಯಂತಿಯ ದಿನ ಅವರು ಮಠದ ಅಂಗಳದಲ್ಲಿ ನಿಂತು ತಮ್ಮ ಲೆಕ್ಕವನ್ನು ಒಪ್ಪಿಸಲಿ. ಮಿಕ್ಕ ಹಣವನ್ನು ಲಕ್ಕಮ್ಮನ ಮಾತನ್ನು ನೆನೆದು ಹಿಂದಿರುಗಿಸಲಿ.

ಆ ನೆರವನ್ನು ಪಡೆದ ತರುಣ ವೈದ್ಯೆಯು ಮುಂದೆ ಯಾವ ದೊಡ್ಡ ಊರಿನ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ, ತನ್ನ ಮೇಜಿನ ಎದುರು ಕುಳಿತ ತಾಯಿಯನ್ನು ಔಷಧದ ಚೀಟಿ ಬರೆಯುವುದಕ್ಕೆ ಮೊದಲು ‘ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರಮ್ಮ?’ ಎಂದು ಒಂದು ಮಾತು ಕೇಳುವಳು. ಕಾಪುವಿನ ಬಾವಿಕಟ್ಟೆಯೂ ಕಾರ್ಕಳದ ಜಗಲಿಯೂ ಅವಳಿಗೆ ಆ ಪ್ರಶ್ನೆಯನ್ನು ಕಲಿಸಿರುವುವು. ಹಾಗೆ ಕಲಿಸಿದ ಊರುಗಳಿಗೆ ಅವಳ ಋಣವಿದೆ. ಅವಳನ್ನು ಅಲ್ಲಿಗೆ ಕಳುಹಿಸತಕ್ಕ ಭಾರವು ಸಮಾಜದ ಮೇಲಿದೆ. ಈ ಭಾರವನ್ನು ಹೊರುವ ಸಂಕಲ್ಪವು ಮಹೋತ್ಸವದ ಈ ಸಭೆಯಲ್ಲಿ ಮೂಡುವಂತೆ ಪರಶಿವನು ಪ್ರೇರಿಸಲಿ. ನಾಡಿನ ಮಕ್ಕಳೆಲ್ಲರಿಗೂ ಮಂಗಳವಾಗಲಿ.